ಮುಂದೇನಾಗುತ್ತದೋ ಎಂಬ ಚಿಂತೆ ಬಿಡದೆ ಕಾಡುತ್ತಿದೆಯೇ? ಇವತ್ತು ಸಂಜೆಯಿಂದಲೇ ಹೀಗೆ ಶುರುಮಾಡಿ

ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. "ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ, ಮುಂದಿನ ಪಟ್ಟಿಯಲ್ಲಿ ನನ್ನ ಹೆಸರಿದ್ದರೆ?" "ಅಡಿಕೆಗೆ ಎಲೆಚುಕ್ಕಿ ರೋಗ ಈ ಸಲವೂ ಬಂದರೆ ತೋಟದ ಗತಿಯೇನು?" "ಪರೀಕ್ಷೆ ಬರೆದು ತಿಂಗಳುಗಳೇ ಕಳೆದವು, ಫಲಿತಾಂಶ ಇಲ್ಲ, ವಯೋಮಿತಿ ಮುಗಿಯುತ್ತಿದೆ." "ಅಪ್ಪನ ಬಯಾಪ್ಸಿ ವರದಿ ಸೋಮವಾರ ಬರುತ್ತದಂತೆ, ಅಲ್ಲಿಯವರೆಗೆ ಹೇಗಿರಲಿ?" ಓದುಗರು ಇಷ್ಟು ಬಗೆಯಲ್ಲಿ ಕೇಳುತ್ತಿರುವುದು ಒಂದನ್ನೇ: ಏನಾಗುತ್ತದೆಂದು ಗೊತ್ತಿಲ್ಲ, ಗೊತ್ತಾಗುವ ತನಕ ಬದುಕುವುದು ಹೇಗೆ?

ಇದಕ್ಕೆ "ಧೈರ್ಯವಾಗಿರಿ, ಎಲ್ಲ ಒಳ್ಳೆಯದಾಗುತ್ತದೆ" ಎಂಬ ಉತ್ತರ ಸಾಲದು. ಒಳ್ಳೆಯದಾಗುತ್ತದೆಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಆದರೆ ಗೊತ್ತಿಲ್ಲದಿರುವಾಗಲೂ ನಿದ್ದೆ, ಊಟ, ಕೆಲಸ ಕೆಡದ ಹಾಗೆ ನೋಡಿಕೊಳ್ಳುವ ವಿಧಾನಗಳಿವೆ. ಮನಶ್ಶಾಸ್ತ್ರಜ್ಞರು ಹಲವು ದಶಕಗಳಿಂದ ಬಳಸಿ ನೋಡಿದ ಅವುಗಳನ್ನೇ ನಮ್ಮ ಮನೆಗಳಿಗೆ ಹೊಂದುವಂತೆ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರುಮಾಡುವ ಮುಂಚೆ ಒಂದು ಮಾತು

2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಕಲ್ಲುಗಳು. ಕಲ್ಲಿನ ಅಡಿಯಲ್ಲಿ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ನೋವಾಗುವಷ್ಟು ಸಣ್ಣ ವಿದ್ಯುತ್ ಆಘಾತ. ಬೆವರು, ಕಣ್ಣಿನ ಪಾಪೆಯ ಹಿಗ್ಗುವಿಕೆ ಇವುಗಳನ್ನು ಅಳೆದು ನೋಡಿದಾಗ ಜನ ಅತಿ ಹೆಚ್ಚು ಒತ್ತಡ ಪಟ್ಟದ್ದು ಆಘಾತ ಖಂಡಿತ ಎಂದು ಗೊತ್ತಿದ್ದಾಗ ಅಲ್ಲ. ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ. ಹಾವು ಖಂಡಿತ ಇದೆ ಎಂದರೆ ದೇಹ ಒಂದು ರೀತಿ ಸಿದ್ಧವಾಗಿಬಿಡುತ್ತದೆ. ಇದೆಯೋ ಇಲ್ಲವೋ ಎಂದಾಗಲೇ ಒದ್ದಾಟ.

ಈ ಒದ್ದಾಟ ಕೆಲವರಿಗೆ ಬೇರೆಯವರಿಗಿಂತ ಹೆಚ್ಚು. ಅದಕ್ಕೆ "ಅನಿಶ್ಚಿತತೆಯ ಅಸಹನೆ" ಎನ್ನುತ್ತಾರೆ. ಎಂದರೆ, ಏನಾಗುತ್ತದೆಂದು ಗೊತ್ತಿಲ್ಲದ ಸ್ಥಿತಿಯನ್ನೇ ತಡೆದುಕೊಳ್ಳಲಾಗದಿರುವುದು. 1990ರ ದಶಕದಿಂದ ಕೆನಡಾದ ಕ್ವಿಬೆಕ್‌ನ ಸಂಶೋಧಕರು ಇದರ ಮೇಲೆ ಕೆಲಸ ಮಾಡುತ್ತಾ ಬಂದಿದ್ದಾರೆ. ನಿಮ್ಮ ಸಮಸ್ಯೆ ಹೇಡಿತನವಲ್ಲ, ನಂಬಿಕೆಯ ಕೊರತೆಯೂ ಅಲ್ಲ ಎಂದು ತಿಳಿಯಲಿ ಎಂದೇ ಇದನ್ನು ಹೇಳುತ್ತಿದ್ದೇನೆ. ಖಚಿತವಾಗಿ ತಿಳಿದುಬಿಡಬೇಕು ಎಂಬ ಹಟ ಚಿಂತೆಗೆ ಮೇವು ಹಾಕುತ್ತಿರುತ್ತದೆ. ಮುಂದಿನ ಹಂತಗಳೆಲ್ಲ ಆ ಮೇವನ್ನು ಕಡಿಮೆ ಮಾಡುವುದಕ್ಕೆ.

ಏನೇನು ಬೇಕು

ನೂರು ಪುಟದ ಒಂದು ನೋಟ್‌ಬುಕ್, ಪೆನ್ನು, ಗಂಟೆ ಬಾರಿಸುವ ಒಂದು ಗಡಿಯಾರ, ದಿನಕ್ಕೆ 20 ನಿಮಿಷ, ಒಟ್ಟು ನಾಲ್ಕು ವಾರ. ಮೊಬೈಲಿನ ನೋಟ್ಸ್ ಆ್ಯಪ್ ಬೇಡ. ಬರೆಯಲೆಂದು ಕೈಗೆತ್ತಿಕೊಂಡ ಮೊಬೈಲು ಎರಡೇ ನಿಮಿಷದಲ್ಲಿ ನಿಮ್ಮನ್ನು ಸುದ್ದಿಗೆ, ವಾಟ್ಸ್‌ಆ್ಯಪ್ ಗುಂಪಿಗೆ, ಕೊನೆಗೆ ಇನ್ನಷ್ಟು ಚಿಂತೆಗೆ ಕರೆದೊಯ್ಯುತ್ತದೆ.

ಹಂತ 1: ಚಿಂತೆಯನ್ನು ಪೂರ್ತಿ ವಾಕ್ಯದಲ್ಲಿ ಬರೆಯಿರಿ

"ತುಂಬಾ ಟೆನ್ಶನ್" ಎನ್ನುವುದು ಚಿಂತೆಯ ಹೊಗೆ. ಬೆಂಕಿ ಎಲ್ಲಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ. "ಆದರೆ?" ಎಂದು ನಿಂತುಹೋಗುವ ಯೋಚನೆಯನ್ನು ಕೊನೆಯವರೆಗೆ ಎಳೆಯಿರಿ. "ಕೆಲಸ ಹೋದರೆ?" ಎಂದು ಬಿಡಬೇಡಿ. "ಕೆಲಸ ಹೋದರೆ ಮೂರು ತಿಂಗಳಲ್ಲಿ ಬೇರೆ ಕೆಲಸ ಸಿಗುವುದಿಲ್ಲ, ಮನೆ ಸಾಲದ ಕಂತು ತಪ್ಪುತ್ತದೆ, ಊರಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ" ಎಂದು ಬರೆಯಿರಿ. ಹೀಗೆ ಬರೆದಾಗ ಎಷ್ಟೋ ಜನಕ್ಕೆ ತಾವು ಹೆದರಿದ್ದು ಕಂತಿಗಿಂತ ಊರಿನವರ ಮಾತಿಗೆ ಎಂದು ಕಾಣುತ್ತದೆ. ಕಂಡರೆ ಒಳ್ಳೆಯದೇ, ಎರಡಕ್ಕೂ ಔಷಧಿ ಬೇರೆ ಬೇರೆ.

ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ: ದಿನಾಂಕ, ಚಿಂತೆ, ನಿಖರವಾಗಿ ಏನಾಗುತ್ತದೆಂದು ಹೆದರಿದ್ದೇನೆ, ಅದು ನಿಜವೋ ಸುಳ್ಳೋ ಎಂದು ಯಾವಾಗ ತಿಳಿಯುತ್ತದೆ. ಕೊನೆಯ ಕಾಲಂ ಬಿಡಬೇಡಿ, ನಾಲ್ಕನೆಯ ವಾರ ಅದೇ ನಿಮ್ಮ ಕೈಹಿಡಿಯುವುದು.

ಇಲ್ಲಿ ಆಗುವ ತಪ್ಪು: ಪುಟಗಟ್ಟಲೆ ಬರೆಯುತ್ತಾ ಕೂರುವುದು. ಅದು ಚಿಂತೆಯನ್ನು ಬಾಯಿಪಾಠ ಮಾಡಿದ ಹಾಗೆ. ಒಂದು ಚಿಂತೆಗೆ ಒಂದೆರಡು ಸಾಲು ಸಾಕು.

ಹಂತ 2: ಎರಡು ರಾಶಿ ಮಾಡಿ

ಪ್ರತಿ ಚಿಂತೆಯ ಮುಂದೆ ಒಂದೇ ಪ್ರಶ್ನೆ ಹಾಕಿ: ಮುಂದಿನ ಏಳು ದಿನದಲ್ಲಿ ಇದರ ಬಗ್ಗೆ ನಾನು ಮಾಡಬಹುದಾದ ಒಂದು ಕೆಲಸ ಇದೆಯೇ? ಇದ್ದರೆ "ಕೈಗೆ ಸಿಗುವ ಚಿಂತೆ", ಇಲ್ಲದಿದ್ದರೆ "ಕೈಗೆ ಸಿಗದ ಚಿಂತೆ".

ಹೆಚ್ಚಿನ ಚಿಂತೆಗಳು ಎರಡೂ ಬೆರೆತು ಬರುತ್ತವೆ, ಅಕ್ಕಿಯಲ್ಲಿ ಕಲ್ಲು ಬೆರೆತಂತೆ. ಆರಿಸಬೇಕು. ಎಲೆಚುಕ್ಕಿಯನ್ನೇ ತೆಗೆದುಕೊಳ್ಳಿ. ರೋಗ ತಗುಲಿದ ಸೋಗೆ ಕಡಿಸಿ ತೋಟದಿಂದ ಹೊರಗೆ ಹಾಕಿಸುವುದು, ತೋಟಗಾರಿಕೆ ಇಲಾಖೆಯವರನ್ನು ಕೇಳಿ ಸಿಂಪಡಣೆಗೆ ದಿನ ಗೊತ್ತುಮಾಡುವುದು, ವಿಮೆಯ ಕೊನೆಯ ದಿನಾಂಕ ತಿಳಿಯುವುದು ಕೈಗೆ ಸಿಗುವಂಥವು. ಈ ವರ್ಷ ಮಳೆ ಹೇಗೆ ಹಿಡಿಯುತ್ತದೆ, ಪಕ್ಕದ ತೋಟದವರು ಔಷಧಿ ಹೊಡೆಸುತ್ತಾರೋ ಇಲ್ಲವೋ, ಮುಂದಿನ ವರ್ಷ ಧಾರಣೆ ಎಷ್ಟಿರುತ್ತದೆ ಎಂಬುವು ಕೈಗೆ ಸಿಗದವು. ಬಯಾಪ್ಸಿ ವರದಿಗೆ ಕಾಯುವಾಗ ಮೊದಲ ರಾಶಿಯಲ್ಲಿ ಬಹುಶಃ ಒಂದೇ ಸಾಲು ಉಳಿಯುತ್ತದೆ: ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವುದು. ಉಳಿದದ್ದೆಲ್ಲ ಕಾಯುವುದು. ಅದನ್ನು ಒಪ್ಪುವುದು ಕಷ್ಟ ನಿಜ, ಆದರೆ ಕಾಯುವುದಕ್ಕೂ ಒಂದು ವಿಧಾನವಿದೆ. ನಾಲ್ಕು ಮತ್ತು ಐದನೆಯ ಹಂತ ಅದಕ್ಕೇ.

ಹಂತ 3: ಕೈಗೆ ಸಿಗುವ ಚಿಂತೆಯನ್ನು ಕೆಲಸವಾಗಿ ಬದಲಿಸಿ

ಹಣದ ಚಿಂತೆ ಇರುವವರಿಗೆ ಮೊದಲ ಕೆಲಸ ಒಂದು ಭಾಗಾಕಾರ. ಬಾಡಿಗೆ ಅಥವಾ ಕಂತು, ದಿನಸಿ, ಶಾಲೆಯ ಶುಲ್ಕ, ಔಷಧಿ, ಕರೆಂಟು ಇಷ್ಟನ್ನೇ ಕೂಡಿಸಿ. ಇದು ತಿಂಗಳ ಅನಿವಾರ್ಯ ಖರ್ಚು. ಕೂಡಲೇ ತೆಗೆಯಬಹುದಾದ ಉಳಿತಾಯವನ್ನು ಅದರಿಂದ ಭಾಗಿಸಿ. ಖರ್ಚು 45,000 ರೂಪಾಯಿ, ಉಳಿತಾಯ 2,10,000 ರೂಪಾಯಿ ಎಂದಾದರೆ ಸಂಬಳವಿಲ್ಲದೆ ನಾಲ್ಕೂವರೆ ತಿಂಗಳಿಗಿಂತ ಸ್ವಲ್ಪ ಹೆಚ್ಚು ನಡೆಯುತ್ತದೆ. ಸಂಖ್ಯೆ ಚಿಕ್ಕದಿದ್ದರೂ ಪರವಾಗಿಲ್ಲ. "ಬೀದಿಗೆ ಬರುತ್ತೇವೆ" ಎನ್ನುವುದಕ್ಕೆ ಗಡಿಯಿಲ್ಲ, "ನಾಲ್ಕೂವರೆ ತಿಂಗಳು" ಎನ್ನುವುದಕ್ಕೆ ಗಡಿಯಿದೆ. ಅದನ್ನು ಆರು ತಿಂಗಳಿಗೆ ತರುವುದು ಹೇಗೆ ಎಂದು ಯೋಚಿಸಬಹುದು. ಈ ಲೆಕ್ಕವನ್ನು ಮನೆಯವರ ಜೊತೆ ಕೂತು ಮಾಡಿ. ಒಬ್ಬರೇ ಬಚ್ಚಿಟ್ಟುಕೊಂಡ ಲೆಕ್ಕ ರಾತ್ರಿ ಎದೆಯ ಮೇಲೆ ಕೂರುತ್ತದೆ.

ನಂತರ ರಕ್ಷಣೆ. ಕಂಪನಿ ಕೊಡುವ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಕೆಲಸ ಇರುವಾಗಲೇ ಸ್ವಂತದ ಒಂದು ಪಾಲಿಸಿ ಮಾಡಿಸಿಕೊಳ್ಳಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಕಾರ್ಡು ಮಾಡಿಸದೆ ಉಳಿದಿದ್ದರೆ ಈ ವಾರವೇ ಮಾಡಿಸಿ. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ. ಮೊದಲನೆಯದು ಅಪಘಾತಕ್ಕೆ, ಎರಡನೆಯದು ಯಾವ ಕಾರಣದ ಸಾವಿಗಾದರೂ. ಎರಡರಲ್ಲೂ ಮೊತ್ತ 2 ಲಕ್ಷ. ಸಣ್ಣ ಮೊತ್ತ ಎಂದು ತಾತ್ಸಾರ ಬೇಡ. ಬೆಳೆ ವಿಮೆಯಲ್ಲಿ ರೈತರ ಪಾಲು ಮುಂಗಾರಿನ ಆಹಾರ ಬೆಳೆ ಮತ್ತು ಎಣ್ಣೆಕಾಳುಗಳಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ 5. ಅಡಿಕೆಯವರು ಒಂದು ಗಮನಿಸಿ: ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿಗದಿಯಾಗುವುದು ಮಳೆ, ಉಷ್ಣಾಂಶದಂಥ ಅಂಕಿಗಳ ಮೇಲೆ. ನಿಮ್ಮ ತೋಟದಲ್ಲಿ ಎಷ್ಟು ಮರ ಹೋಯಿತು ಎಂಬುದರ ಮೇಲೆ ಅಲ್ಲ.

ಇಲ್ಲಿ ಆಗುವ ತಪ್ಪು ಎರಡು. ಒಂದು, "ಹೊಸದೇನಾದರೂ ಕಲಿಯಬೇಕು" ಎಂದು ಬರೆದುಕೊಂಡು ಅದನ್ನೇ ಕೆಲಸ ಎಂದು ತಿಳಿಯುವುದು. ಅದು ಆಸೆ. "ಬುಧವಾರ ಸಂಜೆ 7ಕ್ಕೆ ರೆಸ್ಯೂಮೆಯ ಎರಡನೆಯ ಪುಟ ತಿದ್ದುವುದು" ಎಂದರೆ ಕೆಲಸ. ಇನ್ನೊಂದು, ತಯಾರಿಗೆ ಕೊನೆಯೇ ಇಲ್ಲದಂತೆ ಮಾಡಿಕೊಳ್ಳುವುದು. ವಿಮೆ ಮಾಡಿಸಿಯಾಯಿತು, ಲೆಕ್ಕ ಬರೆದಾಯಿತು, ಆದರೂ ಹನ್ನೊಂದನೆಯ ಸಲ ಬಡ್ಡಿ ದರ ಹೋಲಿಸುತ್ತಾ ಕೂತಿದ್ದೀರಿ ಎಂದರೆ ತಯಾರಿ ಮುಗಿದಿದೆ, ಈಗ ನಡೆಯುತ್ತಿರುವುದು ಚಿಂತೆ.

ಹಂತ 4: ಚಿಂತೆಗೆ ಒಂದು ಹೊತ್ತು ಕೊಡಿ

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿದ ವಿಧಾನ ಇದು. ಚಿಂತೆ ಹಾಸಿಗೆ, ಬಸ್ಸು, ಊಟದ ತಟ್ಟೆ ಹೀಗೆ ಎಲ್ಲ ಜಾಗಕ್ಕೂ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಕಟ್ಟುವುದು ಇದರ ತಿರುಳು.

ಸಂಜೆ ಆರು ಅಥವಾ ಆರೂವರೆಗೆ 20 ನಿಮಿಷ ಗೊತ್ತುಮಾಡಿ. ಮಲಗುವ ಹೊತ್ತಿಗೆ ಹತ್ತಿರ ಬೇಡ. ಹಾಸಿಗೆಯ ಮೇಲಾಗಲಿ, ನೀವು ಇಷ್ಟಪಟ್ಟು ಕೂರುವ ಜಗಲಿಯ ಮೇಲಾಗಲಿ ಬೇಡ. ಸುಮ್ಮನೆ ಒಂದು ಕುರ್ಚಿ ಸಾಕು. ಹಗಲು ಚಿಂತೆ ಬಂದಾಗ ನೋಟ್‌ಬುಕ್ಕಿನಲ್ಲಿ ಒಂದೇ ಪದ ಬರೆಯಿರಿ, "ಕಂತು" ಎಂದೋ "ವರದಿ" ಎಂದೋ. ಮನಸ್ಸಿಗೆ "ಆರು ಗಂಟೆಗೆ ನೋಡೋಣ" ಎಂದು ಹೇಳಿ ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಮತ್ತೆ ಬಂದರೆ ಮತ್ತೆ ಹೇಳಿ. ಮೊದಲ ವಾರ ದಿನಕ್ಕೆ ಮೂವತ್ತು ಸಲ ಹೇಳಬೇಕಾಗಬಹುದು. ಅದು ವಿಧಾನ ಸೋತಂತಲ್ಲ, ವಿಧಾನವೇ ಅದು.

ಆರು ಗಂಟೆಗೆ ಖಂಡಿತ ಕೂರಿ. ತಪ್ಪಿಸಿದರೆ ಮನಸ್ಸು ಮುಂದಿನ ಸಲ ನಿಮ್ಮ ಮಾತು ನಂಬುವುದಿಲ್ಲ. ಬರೆದಿಟ್ಟ ಪದಗಳನ್ನು ಒಂದೊಂದಾಗಿ ತೆಗೆಯಿರಿ. ಆಗಲೇ ಸಪ್ಪೆಯಾಗಿರುವುದನ್ನು ಹೊಡೆದುಹಾಕಿ, ಕೆಲಸ ಹೊರಡುವುದಿದ್ದರೆ ಮೂರನೆಯ ಹಂತಕ್ಕೆ ಸೇರಿಸಿ, ಉಳಿದದ್ದರ ಬಗ್ಗೆ ಮನಸಾರೆ ಚಿಂತಿಸಿ. ಗಂಟೆ ಬಾರಿಸಿದ ಕೂಡಲೇ ಎದ್ದುಬಿಡಿ. ಏಳುತ್ತಲೇ ಕೈಗೊಂದು ಕೆಲಸ ಇರಲಿ: ಸೊಪ್ಪು ಬಿಡಿಸುವುದು, ಗಿಡಕ್ಕೆ ನೀರು ಹಾಕುವುದು, ಅಂಗಡಿಯವರೆಗೆ ನಡೆದುಬರುವುದು.

ಇಲ್ಲಿ ಆಗುವ ದೊಡ್ಡ ತಪ್ಪು, ಮುಂದೂಡುವುದನ್ನು ಅದುಮುವುದು ಎಂದು ತಿಳಿಯುವುದು. "ಇದನ್ನು ಯೋಚಿಸಲೇಬಾರದು" ಎಂದು ಹಟ ಹಿಡಿದರೆ ಅದೇ ಬರುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಗೆ ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿದರು. ಅವರು ನೆನೆಯುತ್ತಲೇ ಹೋದರು, ನೆನೆಯಲು ಬಿಟ್ಟ ಮೇಲಂತೂ ಇನ್ನೂ ಹೆಚ್ಚಾಗಿ ನೆನೆದರು. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದರೆ ಕೋತಿಯೇ ನೆನಪಾಗುತ್ತದೆ ಎಂದು ನಮ್ಮ ಹಿರಿಯರಿಗೂ ಗೊತ್ತಿತ್ತು. ಬಾಗಿಲು ಹಾಕಬೇಡಿ, ಹೊತ್ತು ಹೇಳಿ ಕಳಿಸಿ.

ಹಂತ 5: ಮೇವು ನಿಲ್ಲಿಸಿ

ಇಡೀ ಲೇಖನದಲ್ಲಿ ನೀವು ಒಂದೇ ಹಂತ ಮಾಡುವುದಾದರೆ ಇದನ್ನು ಮಾಡಿ.

ಖಚಿತತೆಗಾಗಿ ದಿನವಿಡೀ ನಾವು ಮಾಡುವ ಸಣ್ಣ ಕೆಲಸಗಳನ್ನು ಗಮನಿಸಿ. ಫಲಿತಾಂಶದ ವೆಬ್‌ಸೈಟನ್ನು ಮತ್ತೆ ಮತ್ತೆ ತೆರೆಯುವುದು. ಸಹೋದ್ಯೋಗಿಗೆ "ಏನಾದರೂ ಗೊತ್ತಾಯ್ತಾ?" ಎಂದು ದಿನಕ್ಕೆ ನಾಲ್ಕು ಸಲ ಕೇಳುವುದು. ರೋಗಲಕ್ಷಣವನ್ನು ಗೂಗಲ್ ಮಾಡುವುದು. ಹೆಂಡತಿಯನ್ನೋ ಗಂಡನನ್ನೋ "ಏನೂ ಆಗಲ್ಲ ಅಲ್ವಾ?" ಎಂದು ಕೇಳಿ, ಅವರು "ಏನೂ ಆಗಲ್ಲ" ಎಂದರೂ ಅರ್ಧ ಗಂಟೆಗೆ ಮತ್ತೆ ಕೇಳುವುದು. ಜಾತಕ ತೋರಿಸುವುದು ನಿಮ್ಮ ನಂಬಿಕೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಪ್ರಶ್ನೆ ಹಿಡಿದು ಮೂರನೆಯ ಜ್ಯೋತಿಷಿಯ ಬಳಿ ಹೋಗಿದ್ದರೆ ನಿಮ್ಮನ್ನು ಅಲ್ಲಿಗೆ ಕರೆದೊಯ್ದದ್ದು ನಂಬಿಕೆಯಲ್ಲ.

ಪ್ರತಿ ಸಲವೂ ಕೊಂಚ ಹೊತ್ತು ಹಾಯೆನಿಸುತ್ತದೆ. ಆ ಹಾಯಿಗಾಗಿಯೇ ಮನಸ್ಸು ಮತ್ತೆ ಕೇಳುತ್ತದೆ, ತುರಿಕೆಯನ್ನು ಕೆರೆದಂತೆ. ಹೀಗೆ ಬಿಡಿಸಿಕೊಳ್ಳಿ:

1. ನಿಮ್ಮ ಪಟ್ಟಿ ಬರೆಯಿರಿ. ಯಾವುದು ದಿನಕ್ಕೆ ಎಷ್ಟು ಸಲ ಎಂದು ಎರಡು ದಿನ ಗೀಟು ಹಾಕಿ ಎಣಿಸಿ.
2. ಎಲ್ಲಕ್ಕಿಂತ ಸುಲಭವಾದದ್ದನ್ನು ಆರಿಸಿ. ಕಷ್ಟದ್ದರಿಂದ ಶುರುಮಾಡಬೇಡಿ.
3. ಪೂರ್ತಿ ನಿಲ್ಲಿಸುವ ಬದಲು ಹೊತ್ತು ಗೊತ್ತುಮಾಡಿ. ವೆಬ್‌ಸೈಟು ಬೆಳಿಗ್ಗೆ 11ಕ್ಕೆ, ಸಂಜೆ 5ಕ್ಕೆ, ಅಷ್ಟೇ.
4. ನಡುವೆ ಕೈ ತುರಿಸಿದಾಗ ಹತ್ತು ನಿಮಿಷ ತಡೆಯಿರಿ. ಚಡಪಡಿಕೆ ಏರುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ, ಇಳಿಯುತ್ತದೆ. ಇಳಿದದ್ದನ್ನು ನೀವೇ ಕಾಣಬೇಕು, ಹೇಳಿ ಕೇಳಿ ಬರುವಂಥದ್ದಲ್ಲ.
5. ದಿನಕ್ಕೊಂದು ಪುಟ್ಟ "ಗೊತ್ತಿಲ್ಲ"ವನ್ನು ಬೇಕೆಂದೇ ಮಾಡಿ. ಇಮೇಲನ್ನು ಮೂರನೆಯ ಸಲ ಓದದೆ ಕಳಿಸಿ. ರೇಟಿಂಗ್ ನೋಡದೆ ಹೊಸ ಹೋಟೆಲಿನಲ್ಲಿ ದೋಸೆ ತಿನ್ನಿ. ಮಗಳು ಕಾಲೇಜು ತಲುಪಿದಳೇ ಎಂದು ಫೋನ್ ಮಾಡದೆ ಒಂದು ದಿನ ಇರಿ. ಏನಾಗಬಹುದೆಂದು ಹೆದರಿದ್ದಿರಿ, ಏನಾಯಿತು ಎಂದು ಬರೆದಿಡಿ.

ಮನೆಯವರಿಗೂ ಇದನ್ನು ಓದಿಸಿ. ಅವರು ಪ್ರೀತಿಯಿಂದಲೇ "ಏನೂ ಆಗಲ್ಲ" ಎನ್ನುತ್ತಿರುತ್ತಾರೆ, ಆದರೆ ಅದು ಮೇವು ಹಾಕಿದಂತೆ. ಅದರ ಬದಲು "ಗೊತ್ತಿಲ್ಲ ಕಣೋ. ಆದ್ರೆ ಏನೇ ಆದ್ರೂ ನಾನು ಜೊತೇಲಿರ್ತೀನಿ" ಎನ್ನಲಿ. ಮೊದಲರ್ಧದಲ್ಲಿ ಸತ್ಯವಿದೆ, ಎರಡನೆಯದರಲ್ಲಿ ಆಸರೆಯಿದೆ. ಚಿಂತೆ ಮಾಡುವವರಿಗೆ ಬೇಕಾದದ್ದು ಇವೆರಡೇ ಎಂದು ನನ್ನ ಗಟ್ಟಿ ಅಭಿಪ್ರಾಯ.

ಹಂತ 6: ರಾತ್ರಿಗೆ

ಮಲಗುವ ಮುಂಚೆ ಐದು ನಿಮಿಷ ನಾಳೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ 57 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಆದ ಕೆಲಸ ಬರೆದವರಿಗಿಂತ ಆಗಬೇಕಾದ ಕೆಲಸ ಬರೆದವರು ಬೇಗ ನಿದ್ದೆಹೋದರು. ಸುಮಾರು 20 ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಏನಾದರೂ ಓದಿ, ತೂಕಡಿಕೆ ಬಂದಾಗ ಮರಳಿ. ಕಾಫಿ ಮಧ್ಯಾಹ್ನಕ್ಕೇ ಮುಗಿಸಿ. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕು. ಮದ್ಯ ಮೊದಲು ಮಂಪರು ತಂದರೂ ರಾತ್ರಿಯ ಉತ್ತರಾರ್ಧದ ನಿದ್ದೆ ಕೆಡಿಸುತ್ತದೆ. ಇನ್ನೊಬ್ಬರಿಗೆ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ಮುಟ್ಟಲೇಬೇಡಿ.

ಹಂತ 7: ನಾಲ್ಕನೆಯ ವಾರ ಹಿಂದಿರುಗಿ ನೋಡಿ

ಮೊದಲ ಹಂತದ ಪುಟ ತೆರೆಯಿರಿ. "ಯಾವಾಗ ತಿಳಿಯುತ್ತದೆ" ಕಾಲಂನಲ್ಲಿ ದಿನಾಂಕ ಕಳೆದಿರುವವುಗಳ ಎದುರು ಹೆದರಿದಂತೆ ಆಯಿತೇ, ಇಲ್ಲವೇ ಎಂದು ಗುರುತು ಹಾಕಿ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ತೀವ್ರ ಆತಂಕದ ಕಾಯಿಲೆಯಿರುವ 29 ಜನರಿಂದ ಇದನ್ನೇ ಮಾಡಿಸಿದರು. ಪರೀಕ್ಷಿಸಲು ಸಾಧ್ಯವಾದ ಚಿಂತೆಗಳಲ್ಲಿ ಶೇ 91.4 ನಿಜವಾಗಲಿಲ್ಲ. ಚಿಕ್ಕ ಅಧ್ಯಯನ, ನಿಮ್ಮ ಲೆಕ್ಕ ಬೇರೆಯೇ ಇರಬಹುದು. ಅದಕ್ಕೇ ನಿಮ್ಮದನ್ನೇ ಎಣಿಸಿ ಎನ್ನುವುದು.

ನಿಜವಾದವುಗಳನ್ನು ಹಾರಿಸಬೇಡಿ. ಕೆಲಸ ಹೋಗುತ್ತದೆ, ವರದಿ ಕೆಟ್ಟದ್ದು ಬರುತ್ತದೆ, ಮಳೆ ಕೈಕೊಡುತ್ತದೆ. ಅವುಗಳ ಎದುರು ಐದನೆಯ ಕಾಲಂ ಹಾಕಿ: ಬಂದಾಗ ನಾನು ಏನು ಮಾಡಿದೆ, ಯಾರು ಬಂದರು? ಚಿಂತೆ ನಮ್ಮ ಕಣ್ಣಮುಂದೆ ಕೆಟ್ಟ ಘಳಿಗೆಯನ್ನು ತಂದು ನಿಲ್ಲಿಸುತ್ತದೆ, ಆ ಘಳಿಗೆಯಲ್ಲಿ ಬಾಗಿಲು ತಟ್ಟಿದ ಅಕ್ಕನನ್ನೋ ಗೆಳೆಯನನ್ನೋ ತೋರಿಸುವುದೇ ಇಲ್ಲ.

ಇಷ್ಟಾದರೂ ಇಳಿಯದಿದ್ದರೆ

ಹೆಚ್ಚುಕಡಿಮೆ ದಿನವೂ, ಆರು ತಿಂಗಳಿಗೂ ಮೀರಿ, ಹತೋಟಿಗೆ ಸಿಗದ ಚಿಂತೆ. ಜೊತೆಗೆ ನಿದ್ದೆಗೇಡು, ಸುಸ್ತು, ಸಿಡುಕು, ಮೈಕೈ ಬಿಗಿತ, ಗಮನ ನಿಲ್ಲದಿರುವುದು. ಇದನ್ನು ವೈದ್ಯರು ಜನರಲೈಸ್ಡ್ ಆಂಕ್ಸೈಟಿ ಡಿಸಾರ್ಡರ್, ಅಂದರೆ ಎಲ್ಲದಕ್ಕೂ ಹರಡಿಕೊಂಡ ಆತಂಕದ ಕಾಯಿಲೆ ಎನ್ನುತ್ತಾರೆ. ಚಿಕಿತ್ಸೆಯಿದೆ, ಆರು ತಿಂಗಳು ಕಾಯಬೇಕಾಗಿಯೂ ಇಲ್ಲ. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಂಡು ಆತಂಕದಂತೆಯೇ ಕಾಣುತ್ತದೆ, ಹಾಗಾಗಿ ರಕ್ತಪರೀಕ್ಷೆಯೂ ಆಗಲಿ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಯೋಚನೆ, ನಡವಳಿಕೆಗಳನ್ನು ಒಟ್ಟಿಗೆ ತಿದ್ದುತ್ತಾರೆ. ಮೇಲಿನ ಹಂತಗಳಲ್ಲಿ ಹೆಚ್ಚಿನವು ಅದರಿಂದಲೇ ಬಂದವು.

ದೂರ ಹೋಗಬೇಕಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಿಂದ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಅವರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ, ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ಮುಂಚೆಯೇ ವಿಚಾರಿಸಿಕೊಳ್ಳಿ. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಒದಗಿಸಬೇಕು.

ಬದುಕೇ ಬೇಡ ಎನ್ನಿಸುತ್ತಿದ್ದರೆ ಈ ಹಂತಗಳನ್ನೆಲ್ಲ ಬದಿಗಿಟ್ಟು ಈಗಲೇ ಹತ್ತಿರದವರೊಬ್ಬರಿಗೆ ಹೇಳಿ, 14416ಕ್ಕೆ ಕರೆಮಾಡಿ. ಪ್ರಾಣಕ್ಕೆ ಕೂಡಲೇ ಅಪಾಯವಿದ್ದರೆ 112. 14416 ಎಂಬುದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಷ್ಟು ತೀವ್ರವಾಗಿರದಿದ್ದರೂ ಕರೆಮಾಡಲು ಅಡ್ಡಿಯಿಲ್ಲ. ಏನೆಂದು ಶುರುಮಾಡಲಿ ಎಂದು ಹಿಂಜರಿಯುವವರು ಇದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡು ನೋಡಿಕೊಂಡೇ ಓದಿ: "ನಮಸ್ಕಾರ. ಇಷ್ಟು ದಿನದಿಂದ ಮುಂದಿನದರ ಬಗ್ಗೆ ಚಿಂತೆ ನಿಲ್ಲುತ್ತಿಲ್ಲ. ರಾತ್ರಿ ಇಷ್ಟು ಗಂಟೆ ನಿದ್ದೆ. ಊಟ ಹೀಗಿದೆ. ಯಾರ ಹತ್ತಿರವೂ ಹೇಳಿಲ್ಲ, ನಿಮಗೇ ಮೊದಲು ಹೇಳುತ್ತಿದ್ದೇನೆ."